ಕಿಣ್ವನವೋ ಹುದುಗುವಿಕೆಯೋ? ಪಾಚಿಯ ಎಥನಾಲ್ ಬಗ್ಗೆ ಬರೆಯುವಾಗ ಎದ್ದ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ.

ಸೂಕ್ಷ್ಮ ಪಾಚಿಯಿಂದ ಎಥನಾಲ್ ಇಂಧನ ತಯಾರಿಸುವ ಬಗೆಯನ್ನು ಹೈಸ್ಕೂಲು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲು ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳಿಬಿಡುತ್ತೇನೆ. ಕ್ಲೋರೆಲ್ಲಾದಂಥ ಪಾಚಿಗಳು ತಮ್ಮ ಕೋಶದೊಳಗೆ ಪಿಷ್ಟ ಕೂಡಿಡುತ್ತವೆ. ಸಾರಜನಕ ಅಥವಾ ಗಂಧಕ ಕಡಿಮೆ ಸಿಕ್ಕಿದರೆ ಬೆಳವಣಿಗೆ ಕುಂಟುತ್ತದೆ, ಪಿಷ್ಟ ಜಾಸ್ತಿ ಆಗುತ್ತದೆ. ಪಾಚಿಯನ್ನು ನೀರಿನಿಂದ ಬೇರೆ ಮಾಡಿ, ಕೋಶ ಒಡೆದು, ಪಿಷ್ಟವನ್ನು ಅಮೈಲೇಸ್, ಗ್ಲೂಕೋಅಮೈಲೇಸ್ ಎಂಬ ಕಿಣ್ವಗಳಿಂದ ಗ್ಲೂಕೋಸ್ ಮಾಡುತ್ತಾರೆ. ಯೀಸ್ಟ್ ಆ ಗ್ಲೂಕೋಸನ್ನು ತಿಂದು ಎಥನಾಲ್ ಕೊಡುತ್ತದೆ. ಲೆಕ್ಕದ ಪ್ರಕಾರ 180 ಗ್ರಾಂ ಗ್ಲೂಕೋಸಿಗೆ 92 ಗ್ರಾಂ ಎಥನಾಲ್. ಉಳಿದ 88 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಆಮೇಲೆ ಬಟ್ಟಿ ಇಳಿಸುವುದು. ‘ಬಟ್ಟಿ ಇಳಿಸುವುದು’ ಎಂಬ ಮಾತು ಎಲ್ಲರಿಗೂ ಗೊತ್ತು, ಅದನ್ನು ಬದಲಿಸುವ ಅಗತ್ಯವೇ ಇಲ್ಲ.

ಯೀಸ್ಟ್ ಮಾಡುವ ಕೆಲಸಕ್ಕೆ ಕೆಲವು ಪುಸ್ತಕಗಳಲ್ಲಿ ‘ಕಿಣ್ವನ’ ಎಂದಿರುತ್ತದೆ. ನನಗೆ ತೊಡಕಾಗಿರುವುದು ಇಲ್ಲೇ. ಸಂಸ್ಕೃತದಲ್ಲಿ ಕಿಣ್ವ ಎಂದರೆ ಮದ್ಯ ಹುದುಗಿಸಲು ಹಾಕುವ ಪದಾರ್ಥ. ಹಾಗಾಗಿ ಕಿಣ್ವನ ಎಂಬ ಪದ ಹುಟ್ಟಿದ್ದರಲ್ಲಿ ತಪ್ಪಿಲ್ಲ. ಆದರೆ ಇವತ್ತಿನ ಕನ್ನಡದಲ್ಲಿ ಕಿಣ್ವ ಎಂದರೆ ಎಂಜೈಮ್. ನಮ್ಮ ಕಥೆಯಲ್ಲಿ ಎಂಜೈಮ್ ಸುರಿಯುವುದು ಪಿಷ್ಟ ಸಕ್ಕರೆಯಾಗುವ ಹಂತದಲ್ಲಿ. ಎಥನಾಲ್ ಆಗುವುದು ಅದರ ಮುಂದಿನ ಹಂತದಲ್ಲಿ. ‘ಕಿಣ್ವ ಹಾಕಿ, ನಂತರ ಕಿಣ್ವನ ಮಾಡಿ’ ಎಂದು ಬರೆದರೆ ಮಕ್ಕಳು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ, ಅಲ್ವಾ? ಯೀಸ್ಟಿನ ಒಳಗೂ ಕಿಣ್ವಗಳೇ ಕೆಲಸ ಮಾಡುತ್ತವೆ ಎಂಬುದು ನಿಜ. ಆದರೆ ಹೊರಗಿನಿಂದ ಹಾಕುವ ಕಿಣ್ವ ಬೇರೆ, ಬದುಕಿರುವ ಯೀಸ್ಟ್ ಬೇರೆ. ಓದುವವರಿಗೆ ಆ ವ್ಯತ್ಯಾಸ ತಿಳಿಯಲೇಬೇಕು.

ಅದಕ್ಕೇ ನಾನು ‘ಹುದುಗುವಿಕೆ’ ಎಂದೇ ಬರೆಯಬೇಕೆಂದಿದ್ದೇನೆ. ಹಿಟ್ಟು ಹುದುಗುತ್ತದೆ ಎಂಬುದು ಮನೆಮಾತು. ‘ಹುದುಗಿರುವ’ ಎಂದರೆ ಅಡಗಿರುವ ಎಂಬ ಅರ್ಥವೂ ಇದೆ ಎಂದು ಒಬ್ಬ ಸ್ನೇಹಿತರು ಎಚ್ಚರಿಸಿದರು. ಯೀಸ್ಟ್, ಸಕ್ಕರೆ ಎರಡೂ ಅದೇ ವಾಕ್ಯದಲ್ಲಿದ್ದರೆ ಗೊಂದಲ ಆಗಲಾರದು ಎಂದು ನನ್ನ ನಂಬಿಕೆ. ನಿಮಗೇನನ್ನಿಸುತ್ತದೆ?

ಎರಡನೆಯದು ನನಗೆ ಇನ್ನೂ ಬಗೆಹರಿದಿಲ್ಲ. ಪಿಷ್ಟ ಗ್ಲೂಕೋಸ್ ಆಗುವುದಕ್ಕೆ ಹೈಡ್ರಾಲಿಸಿಸ್ ಎನ್ನುತ್ತಾರೆ. ಪಿಷ್ಟದ ಸರಪಳಿಯ ಒಂದೊಂದು ಕೊಂಡಿ ಬಿಡುವಾಗಲೂ ಒಂದು ನೀರಿನ ಅಣು ಸೇರಿಕೊಳ್ಳುತ್ತದೆ. 162 ಗ್ರಾಂ ಪಿಷ್ಟಕ್ಕೆ 18 ಗ್ರಾಂ ನೀರು ಕೂಡಿ 180 ಗ್ರಾಂ ಗ್ಲೂಕೋಸ್ ಆಗುವುದು ಹೀಗೆ. ಇದಕ್ಕೆ ‘ಜಲವಿಭಜನೆ’ ಎಂದು ಬರೆದರೆ ನೀರೇ ಒಡೆಯುತ್ತದೆ ಎಂದು ಕೇಳಿಸುತ್ತದೆ. ಅದೇ ಪಾಚಿ ಬಿಸಿಲಲ್ಲಿ ಬೆಳೆಯುವಾಗ ನೀರನ್ನು ನಿಜವಾಗಿಯೂ ಒಡೆದು ಆಮ್ಲಜನಕ ಬಿಡುತ್ತದೆ! ಒಂದೇ ಲೇಖನದಲ್ಲಿ ಈ ಎರಡೂ ಬರುತ್ತವೆ. ‘ಸಕ್ಕರೆಯಾಗಿಸುವುದು’ ಎಂದರೆ ಸದ್ಯಕ್ಕೆ ಸಾಕು, ಆದರೆ ಪ್ರೋಟೀನಿನ ಹೈಡ್ರಾಲಿಸಿಸ್‌ಗೆ ಅದು ಹೊಂದುವುದಿಲ್ಲ. ‘ನೀರ್ಗೂಡಿ ಒಡೆಯುವುದು’ ಎಂದು ಕಟ್ಟಿ ನೋಡಿದೆ. ಅರ್ಥ ಸರಿಯಿದೆ, ಬಾಯಿಗೆ ಮಾತ್ರ ಒರಟು.

ಅಂದ ಹಾಗೆ, ಶೈವಲ ಬೇಡ, ಪಾಚಿ ಸಾಕು ಎಂದು ಆಗಲೇ ತೀರ್ಮಾನಿಸಿದ್ದೇನೆ. ಎಥನಾಲನ್ನು ‘ಪಾಚಿ ಎಣ್ಣೆ’ ಎಂದು ಕರೆಯುವುದನ್ನೂ ಬಿಟ್ಟಿದ್ದೇನೆ. ಪಾಚಿಯ ಎಣ್ಣೆಯಿಂದ ಆಗುವುದು ಬಯೋಡೀಸೆಲ್. ಎಥನಾಲ್ ಆಗುವುದು ಪಿಷ್ಟದಿಂದ.

ರಸಾಯನಶಾಸ್ತ್ರ ಪಾಠ ಮಾಡುವವರು ಯಾರಾದರೂ ಹೈಡ್ರಾಲಿಸಿಸ್‌ಗೆ ತರಗತಿಯಲ್ಲಿ ಯಾವ ಮಾತು ಬಳಸುತ್ತೀರಿ ಎಂದು ತಿಳಿಸಿ. ಪಿಷ್ಟಕ್ಕೂ ಪ್ರೋಟೀನಿಗೂ ಹೊಂದುವ ಪದವಾದರೆ ಅದನ್ನೇ ಹಾಕುತ್ತೇನೆ.