ನಂಬರ್ ಪ್ಲೇಟ್ ಓದುವ ಕ್ಯಾಮೆರಾ: ಪೊಲೀಸರನ್ನು ಲೆಕ್ಕ ಕೇಳುವವರು ಯಾರು?

ಈಸ್ಟ್ ಬೇ ನಿವಾಸಿ:
ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದ ನಮ್ಮ ಬಡಾವಣೆಯಿಂದ ಹೆದ್ದಾರಿಗೆ ಸೇರುವ ತಿರುವಿನಲ್ಲಿ ಸೋಲಾರ್ ಫಲಕ ಹೊತ್ತ ಕಪ್ಪು ಕಂಬವೊಂದಿದೆ. ಹಾದುಹೋಗುವ ಪ್ರತಿ ಕಾರಿನ ನಂಬರನ್ನೂ ಓದಿ, ಸ್ಥಳ ಮತ್ತು ಸಮಯದೊಡನೆ ಪೊಲೀಸರ ದಾಖಲೆಗೆ ಸೇರಿಸುವುದು ಅದರ ಕೆಲಸ. ಕಳೆದ ವರ್ಷ ಕಳುವಾದ ನನ್ನ ಕಾರು ಮೂರನೆಯ ದಿನ ಪಕ್ಕದ ಊರಿನಲ್ಲಿ ಸಿಕ್ಕಿದ್ದು ಇಂಥ ಕ್ಯಾಮೆರಾದಿಂದಲೇ. ಬೀದಿಯಲ್ಲಿ ಎಲ್ಲರಿಗೂ ಕಾಣುವ ನಂಬರಿನಲ್ಲಿ ಗುಟ್ಟೇನಿದೆ ಎಂದು ಸಿಟಿ ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆ, ಇದಕ್ಕೆ ಕಡಿವಾಣ ಹಾಕಬೇಕು?

ಓಕ್‌ಲ್ಯಾಂಡ್ ಕನ್ನಡಿಗ:
ಗುಟ್ಟು ಇರುವುದು ನಂಬರಿನಲ್ಲಲ್ಲ, ಅದರ ರಾಶಿಯಲ್ಲಿ. ಆರು ತಿಂಗಳ ಓಡಾಟ ಒಂದೆಡೆ ಸಿಕ್ಕರೆ, ತಾವು ಯಾವ ವೈದ್ಯರ ಬಳಿ ಹೋದಿರಿ, ಯಾರ ಮನೆಯ ಮುಂದೆ ರಾತ್ರಿ ಕಾರು ನಿಲ್ಲಿಸಿದಿರಿ ಎಂಬುದೆಲ್ಲ ತಾನಾಗಿ ಹೊರಬೀಳುತ್ತದೆ. 2020ರಲ್ಲಿ ಕ್ಯಾಲಿಫೋರ್ನಿಯಾದ ಲೆಕ್ಕಪರಿಶೋಧಕರು ನಾಲ್ಕು ಇಲಾಖೆಗಳನ್ನು ಪರಿಶೀಲಿಸಿದಾಗ, ಲಾಸ್ ಏಂಜಲೀಸ್ ಪೊಲೀಸರ ಬಳಿ ಕೂಡಿಬಿದ್ದಿದ್ದ 32 ಕೋಟಿ ಚಿತ್ರಗಳಲ್ಲಿ ಶೇ. 99.9ರಷ್ಟು, ಸೆರೆಹಿಡಿದ ಹೊತ್ತಿನಲ್ಲಿ ಪೊಲೀಸರು ಹುಡುಕುತ್ತಿದ್ದ ಯಾವ ವಾಹನಕ್ಕೂ ಸೇರಿದವಾಗಿರಲಿಲ್ಲ. 2016ರ ಜನವರಿಯಿಂದ ಜಾರಿಯಲ್ಲಿರುವ ರಾಜ್ಯದ ಕಾನೂನು ಇದಕ್ಕೊಂದು ಲಿಖಿತ ನೀತಿ ಇರಲೇಬೇಕೆಂದು ಹೇಳಿದ್ದರೂ ಆ ಇಲಾಖೆ ಅದನ್ನು ರೂಪಿಸಿಯೇ ಇರಲಿಲ್ಲ.

ಹಳೇ ಪ್ರೋಗ್ರಾಮರ್:
ಯಂತ್ರ ತಪ್ಪು ಓದುವುದನ್ನೂ ಸೇರಿಸಿಕೊಳ್ಳಿ. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದು 3 ಅನ್ನು 7 ಎಂದು ಓದಿತು. ಆ ನಂಬರಿನ ನಿಜವಾದ ವಾಹನ ಬೂದುಬಣ್ಣದ ಟ್ರಕ್ಕು. ಪೊಲೀಸರು ನಿಲ್ಲಿಸಿದ್ದು ಕಡುಗೆಂಪು ಕಾರನ್ನು. ಪ್ಲೇಟನ್ನು ಒಮ್ಮೆ ಕಣ್ಣಾರೆ ತಾಳೆ ನೋಡಿದ್ದರೆ ಮುಗಿಯುತ್ತಿತ್ತು, ಆದರೆ ಕಾರು ಓಡಿಸುತ್ತಿದ್ದ ಮಹಿಳೆಗೆ ಬಂದೂಕು ಗುರಿಯಿಟ್ಟು, ಕೋಳ ತೊಡಿಸಿ, ರಸ್ತೆಯಲ್ಲಿ ಮೊಣಕಾಲೂರಿಸಿದರು.

ಈಸ್ಟ್ ಬೇ ನಿವಾಸಿ:
ತಪ್ಪಾಗಿದ್ದನ್ನು ಅಲ್ಲಗಳೆಯುವುದಿಲ್ಲ. ಆದರೆ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿರುವಂತೆ, ಹುಡುಕಾಟದ ಪಟ್ಟಿಗೆ ಹೊಂದದ ನಂಬರನ್ನು 3 ನಿಮಿಷದೊಳಗೆ ಅಳಿಸಿಬಿಟ್ಟರೆ ನನ್ನ ಕಾರಿನ ಗತಿ ಏನು? ಅದು ಹೋದದ್ದು ರಾತ್ರಿ, ನಾನು ನೋಡಿಕೊಂಡದ್ದು ಬೆಳಗ್ಗೆ. ಪಟ್ಟಿಗೆ ನಂಬರ್ ಸೇರುವ ಹೊತ್ತಿಗೆ ಕಳ್ಳ ದಾಟಿಹೋದ ದಾರಿಯ ಗುರುತೇ ಉಳಿದಿರುತ್ತಿರಲಿಲ್ಲ.

ಓಕ್‌ಲ್ಯಾಂಡ್ ಕನ್ನಡಿಗ:
ಆ ಮಾತು ಒಪ್ಪತಕ್ಕದ್ದೇ. ಮೂರು ನಿಮಿಷ ನನಗೂ ಅತಿಯೆನಿಸುತ್ತದೆ, 30 ದಿನ ಸಾಕು. ಆದರೆ ದಿನಗಳ ಲೆಕ್ಕಕ್ಕಿಂತ, ಹುಡುಕಿದವರು ಯಾರು ಎಂಬುದನ್ನು ಹೊರಗಿನವರು ನೋಡಬಲ್ಲರೇ ಎಂಬುದು ಮುಖ್ಯ. ನಮ್ಮೂರಿನಲ್ಲಿ 2016ರಲ್ಲಿ ಖಾಸಗಿತನದ ಸಲಹಾ ಆಯೋಗ ಬಂತು. 2018ರ ಸ್ಥಳೀಯ ಕಾನೂನಿನಂತೆ ಇಂಥ ಸಾಧನ ಕೊಳ್ಳುವ ಮೊದಲು ಪೊಲೀಸರು ಬಳಕೆಯ ನೀತಿಯನ್ನು ಮುಂದಿಟ್ಟು ಕೌನ್ಸಿಲ್‌ನ ಒಪ್ಪಿಗೆ ಪಡೆಯಬೇಕು, ಆಮೇಲೆ ವರ್ಷಕ್ಕೊಮ್ಮೆ ವರದಿ ಒಪ್ಪಿಸಬೇಕು. ಯಾರು, ಯಾವಾಗ, ಯಾವ ನಂಬರನ್ನು, ಏತಕ್ಕೆ ಹುಡುಕಿದರೆಂದು ಬರೆದಿಡುವುದನ್ನು ರಾಜ್ಯದ ಕಾನೂನೂ ಕಡ್ಡಾಯ ಮಾಡಿದೆ. ಆದರೆ 'ಏತಕ್ಕೆ' ಎಂಬ ಕಾಲಂನಲ್ಲಿ 'ತನಿಖೆ' ಎಂದಷ್ಟೇ ಬರೆದರೆ, ಕಳ್ಳನನ್ನು ಹುಡುಕಿದವರಿಗೂ ಬಿಟ್ಟುಹೋದ ಹೆಂಡತಿಯನ್ನು ಹಿಂಬಾಲಿಸಿದವರಿಗೂ ಆ ಪುಟದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅಲ್ಲಿ ಕೇಸ್ ನಂಬರ್ ಇರಲೇಬೇಕು.

ಬೆಂಗಳೂರಿನ ವಕೀಲೆ:
ದೂರದಿಂದ ಓದುತ್ತಿರುವವಳ ಮಾತೊಂದು. ಖಾಸಗಿತನ ಮೂಲಭೂತ ಹಕ್ಕೆಂಬ 2017ರ ಸುಪ್ರೀಂ ಕೋರ್ಟ್ ತೀರ್ಪಿಗೆ ಕಾರಣವಾದ ಅರ್ಜಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರದು. ಆದರೂ ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಗಳ ಬಗ್ಗೆ ದಾರಿಯ ಯಾವ ನಗರಸಭೆಯೂ ಪೊಲೀಸರನ್ನು ಹೀಗೆ ಲೆಕ್ಕ ಕೇಳುವಂತಿಲ್ಲ. ಪೊಲೀಸ್ ಇಲಾಖೆ ಇಲ್ಲಿ ರಾಜ್ಯ ಸರ್ಕಾರದ್ದು. ತಮಗೆ ಕೇಳುವುದಕ್ಕಾದರೂ ಒಂದು ಸಭೆಯಿದೆ.

ಈಸ್ಟ್ ಬೇ ನಿವಾಸಿ:
ಸಭೆಯೇನೋ ಇದೆ, ಮೇಡಂ. ಈ ಮಂಗಳವಾರ ಕ್ಯಾಮೆರಾ ಗುತ್ತಿಗೆಯ ನವೀಕರಣ ಬರಲಿದೆ, ಅದೂ ಚರ್ಚೆಯಿಲ್ಲದೆ ಒಟ್ಟಾಗಿ ಮಂಜೂರಾಗುವ ವಿಷಯಗಳ ನಡುವೆ, ಪಾರ್ಕಿನ ಪೈಪು ದುರಸ್ತಿಯ ಕೆಳಗೆ. ಅದನ್ನು ಬೇರ್ಪಡಿಸಿ ಚರ್ಚೆಗೆ ತೆಗೆದುಕೊಳ್ಳಿರೆಂದು ಇಂದೇ ಬರೆಯುತ್ತೇನೆ. ನನಗೆ ಸಿಗುವ ಎರಡು ನಿಮಿಷದಲ್ಲಿ ಕೇಸ್ ನಂಬರಿನ ವಿಚಾರ ಕೇಳುತ್ತೇನೆ. 30 ದಿನ ಸಾಕೆಂಬುದನ್ನು ಮಾತ್ರ ನಾನಿನ್ನೂ ಒಪ್ಪಿಲ್ಲ.