ಲ್ಯೂಬೆಕ್‌ನ ಹೋಲ್‌ಸ್ಟನ್‌ಟೋರ್: ಒಳಗೆ ಹೋಗಬೇಕಾ, ಹೊರಗಿಂದ ಫೋಟೊ ಸಾಕಾ?

ಹ್ಯಾಂಬರ್ಗ್_ಪುಟ್ಟಣ್ಣ:
ಅಪ್ಪ-ಅಮ್ಮ ಊರಿಂದ ಬಂದಿದಾರೆ. ರೈಲಲ್ಲಿ ಮುಕ್ಕಾಲು ಗಂಟೆ ತಾನೆ, ಅರ್ಧ ದಿನ ಲ್ಯೂಬೆಕ್ ಸುತ್ತಿಸೋಣ ಅಂತಿದೀನಿ. ಆ ಜೋಡಿ ಗೋಪುರದ ಊರಬಾಗಿಲ ಒಳಗೆ ಮ್ಯೂಸಿಯಂ ಇದೆಯಲ್ಲ, ಟಿಕೆಟ್ ತಗೊಂಡು ನೋಡೋ ಹಾಗಿದೆಯಾ? ಅಪ್ಪ ಚಿತ್ರದುರ್ಗದವರು, ಬೇರೆ ಕೋಟೆಯನ್ನ ಸುಲಭಕ್ಕೆ ಒಪ್ಪಲ್ಲ. ಅಮ್ಮನಿಗೆ ಮಂಡಿನೋವು.

ಇಟ್ಟಿಗೆಮರುಳ:
ಚಿತ್ರದುರ್ಗದವರಿಗೆ ಎತ್ತರ ತೋರಿಸೋಕೆ ಹೋಗಬೇಡಿ, ಗೋಡೆ ತೋರಿಸಿ. ಮೊದಲು ಸ್ಟೇಷನ್ ಕಡೆಯಿಂದ ನೋಡಲಿ. ಶತ್ರು ಬರುವ ದಿಕ್ಕು ಅದು: ಗೋಡೆ ಮೂರೂವರೆ ಮೀಟರ್ ದಪ್ಪ, ಪುಟ್ಟ ಫಿರಂಗಿ ಕಿಂಡಿಗಳು. ಆಮೇಲೆ ಬಾಗಿಲು ದಾಟಿ ಹಿಂದಿರುಗಿ ನೋಡಲಿ. ಊರ ಕಡೆ ಸಾಲು ಸಾಲು ಕಿಟಕಿ, ಗೋಡೆ ಒಂದು ಮೀಟರೂ ಇಲ್ಲ! 1464ರಿಂದ 1478ರವರೆಗೆ ಕಟ್ಟಿದ್ದು. ಇಷ್ಟೆಲ್ಲ ಮಾಡಿದರೂ ಊರು ಕಾಯೋಕೆ ಇಲ್ಲಿಂದ ಒಂದು ಗುಂಡೂ ಹಾರಲಿಲ್ಲ.

ಗೋಪುರ ವಾಲಿದಂತೆ ಕಂಡರೆ ಫೋನಿನ ಕ್ಯಾಮೆರಾ ಬೈಯಬೇಡಿ. ಕೆಳಗೆ ಜೌಗು ನೆಲ, ಕಟ್ಟುವಾಗಲೇ ಕುಸಿಯೋಕೆ ಶುರುವಾಗಿತ್ತು. ತಳದ ಕಿಂಡಿಗಳು ಈಗ ನೆಲಮಟ್ಟಕ್ಕಿಂತ ಕೆಳಗಿವೆ. 1934ರ ದುರಸ್ತಿಯ ಮೇಲೆ ವಾಲೋದು ನಿಂತಿತು, ಆದರೆ ಅದರ ಜೊತೆಗೇ ನಾಜಿಗಳು ಒಳಗೆ ತಮ್ಮ ಕೀರ್ತಿಮಂದಿರ ಮಾಡಿಕೊಂಡರು. ಊರಿನ ಮ್ಯೂಸಿಯಂ ಆದದ್ದು 1950ರಲ್ಲಿ. ಹಡಗಿನ ಮಾದರಿ, ಹಾನ್ಸಾ (ಆ ಕಾಲದ ವ್ಯಾಪಾರಿ ಊರುಗಳ ಒಕ್ಕೂಟ) ವ್ಯಾಪಾರದ ಕತೆ ಎಲ್ಲ ಇದೆ, ಪರವಾಗಿಲ್ಲ. ನಾನು ಹೋಗೋದು ಮಾತ್ರ ಆ ಗೋಡೆಗೆ.

ದಾರಿಹೋಕ:
ಅಮ್ಮನಿಗೆ ಒಳಗೆ ಬೇಡ. ಇಕ್ಕಟ್ಟಾದ ಸುರುಳಿ ಮೆಟ್ಟಿಲು. ಪಕ್ಕದಲ್ಲೇ ಟ್ರಾವೆ ನದಿ ದಂಡೆಯಲ್ಲಿ ಹಳೇ ಉಪ್ಪಿನ ಗೋದಾಮುಗಳಿವೆ, ಅಷ್ಟರಲ್ಲಿ ಅಲ್ಲೇ ಅಡ್ಡಾಡಲಿ. ಲ್ಯೂನೆಬುರ್ಗ್‌ನ ಉಪ್ಪು ಹಡಗು ಹತ್ತುತ್ತಿದ್ದ ಜಾಗ.

ಹ್ಯಾಂಬರ್ಗ್_ಪುಟ್ಟಣ್ಣ:
ಸರಿ, ಅಪ್ಪನ್ನ ಮಾತ್ರ ಹತ್ತಿಸ್ತೀನಿ. ಸ್ಟೇಷನ್‌ಗೆ ಇಷ್ಟು ಹತ್ತಿರ ಇದ್ದೂ ಹೇಗೆ ಉಳೀತು?

ಇಟ್ಟಿಗೆಮರುಳ:
ಕೂದಲೆಳೆಯಲ್ಲಿ. ಈ ದಾರಿಗೆ ಒಂದರ ಹಿಂದೆ ಒಂದು ನಾಲ್ಕು ಬಾಗಿಲಿದ್ದವು, ಉಳಿದದ್ದು ಇದೊಂದೇ. ಇದರ ಮುಂದಿನದನ್ನ 1853ರಲ್ಲಿ ರೈಲಿಗೋಸ್ಕರ ಕೆಡವಿದರು. ಇದನ್ನೂ ಕೆಡವಿ ಅಂತ ಊರಿನವರೇ ಅರ್ಜಿ ಕೊಟ್ಟಿದ್ದರು. 1863ರಲ್ಲಿ ನಗರಸಭೆ ಮತಕ್ಕೆ ಹಾಕಿತು. ಉಳಿಸೋಣ ಅನ್ನೋ ಕಡೆಗೆ ಒಂದೇ ಒಂದು ಮತ ಜಾಸ್ತಿ. ಮುಂದೆ ಇದೇ ಬಾಗಿಲು 50 ಮಾರ್ಕ್ ನೋಟಿನ ಮೇಲೂ ಬಂತು ನೋಡಿ.

1871ಕ್ಕೆ ದುರಸ್ತಿ ಮುಗಿಸಿದವರು ಊರ ಕಡೆ ಗೋಡೆಯಲ್ಲಿ ಕಟ್ಟಿದ ವರ್ಷ 1477 ಅಂತ ಬರೆಸಿದಾರೆ. ಒಂದು ವರ್ಷ ತಪ್ಪು. ಅಪ್ಪನಿಗೆ ಮೊದಲೇ ಹೇಳಬೇಡಿ, ಅವರೇ ಹಿಡೀತಾರೆ.