ಸ್ಲ್ಯಾಬ್ ಸೋರಿ ಸೀಲಿಂಗ್ ಹಾಳಾಗಿದೆ, ನೀವು ಏನು ಮಾಡಿಸಿದಿರಿ?

ಟಿಳಕವಾಡಿ, ಬೆಳಗಾವಿ: ಹದಿನೆಂಟು ವರ್ಷದ ಆರ್‌ಸಿಸಿ ಮನೆ. ಈ ಮಳೆಗೆ ಹಾಲ್‌ನ ಪಿಒಪಿ ಸೀಲಿಂಗ್ ಉಬ್ಬಿದೆ, ಫ್ಯಾನ್ ಸುತ್ತ ಕಂದು ಕಲೆ. ಸ್ಲ್ಯಾಬಿಗೆ ವಾಟರ್‌ಪ್ರೂಫ್ ಕೆಮಿಕಲ್ ಹೊಡೆಸೋದಾ, ಮೇಲೆ ಪತ್ರಾಸ್ (ತಗಡಿನ ಶೀಟ್) ಹಾಕಿಸೋದಾ? ಮಾಡಿಸಿದವರು ಹೇಳಿ.

ವಡಗಾವಿ, ಬೆಳಗಾವಿ: ಕೆಮಿಕಲ್ ಹೆಸರೇ ಎತ್ತಬೇಡಿ. 900 ಚದರಡಿಗೆ 41,500 ಕೊಟ್ಟೆ. ಎರಡು ಕೋಟ್, ನಡುವೆ ಜಾಳಿ, ಹತ್ತು ವರ್ಷದ ಗ್ಯಾರಂಟಿ. ಎರಡನೇ ಮಳೆಗಾಲಕ್ಕೇ ಹಪ್ಪಳದ ಹಾಗೆ ಎದ್ದು ಬಂತು. ಫೋನ್ ಮಾಡಿದರೆ ಎತ್ತಲ್ಲ. ಕೊನೆಗೆ ನಮ್ಮ ಹಳೇ ಗೌಂಡಿ ಬಂದು, ನೀರು ಹೋಗೋ ಪೈಪಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ಎರಡು ದಿನ ನಿಲ್ಲಿಸಿದ. ಸೋರ್ತಿದ್ದದ್ದು ಸ್ಲ್ಯಾಬ್ ನಡುವೆ ಅಲ್ಲ, ಪ್ಯಾರಾಪೆಟ್ ಬುಡದಲ್ಲಿ. ಕೂದಲೆಳೆಯಷ್ಟು ಬಿರುಕು! ಅಲ್ಲಿ ಒಡೆದು ಗೋಲಾ (ಮೂಲೆಗೆ ಸಿಮೆಂಟಿನ ದುಂಡು ಅಂಚು) ಕಟ್ಟಿಸಿದ್ದಕ್ಕೆ 11,200. ಆ 41,500 ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ನವನಗರ, ಬಾಗಲಕೋಟೆ: ನಾನು ಪತ್ರಾಸ್ ಹಾಕಿಸಿದೆ. ಏಂಗಲ್, ವೆಲ್ಡಿಂಗ್ ಸೇರಿ 1,62,000. ಒಂದು ಹನಿ ಇಳಿದಿಲ್ಲ. ಮೇ ತಿಂಗಳ ಕಾವೂ ಕಡಿಮೆ ಆಯಿತು.

ವಡಗಾವಿ: ಸರ್, ನಿಮ್ಮ ಮಳೆ ಬೇರೆ, ನಮ್ಮ ಮಳೆ ಬೇರೆ. ಇಲ್ಲಿ ಗಾಳಿ ಜೊತೆ ಅಡ್ಡ ಹೊಡೆಯುತ್ತೆ. 2019ರ ಆಗಸ್ಟ್ ಮಳೆಯಲ್ಲಿ ಎದುರುಮನೆಯ ಪತ್ರಾಸ್ ಹಾರಿ ರಸ್ತೆಗೆ ಬಿತ್ತು.

ನವನಗರ: ಬೋಲ್ಟ್ ಸಡಿಲ ಬಿಟ್ಟರೆ ಹಾರದೆ ಇರುತ್ತಾ? ಮೋಸ ಹೋದ ಸಿಟ್ಟು ನಮ್ಮ ಮೇಲೆ ಯಾಕ್ರೀ?

ಸಿಂದಗಿ, ವಿಜಯಪುರ: ನಮ್ಮದು ಅಜ್ಜನ ಕಾಲದ ಮಣ್ಣಿನ ಮಾಳಿಗೆ. ಮಿರಗ (ಮೃಗಶಿರಾ ಮಳೆ) ಹಿಡಿಯೋ ಮೊದಲೇ ಸವಳು ಮಣ್ಣು ಹರಡುತ್ತೇವೆ. ಈ ಸಲ ಎರಡು ಟ್ರ್ಯಾಕ್ಟರ್, 3,600. ಇಲಿ ಬಿಲ ಹುಡುಕಿ ಮುಚ್ಚಲೇಬೇಕು. ಹೋದ ವರ್ಷ ಒಂದೇ ಒಂದು ಬಿಲ ತಪ್ಪಿತು, ಎರಡು ಚೀಲ ಜೋಳ ಮೊಳಕೆ ಬಂತು.

ನವನಗರ: ಅಣ್ಣಾ, ಅವರದು ಆರ್‌ಸಿಸಿ. ಅದರ ಮೇಲೆ ಮಣ್ಣಿನ ಭಾರ ಹೇರೋಕೆ ಆಗುತ್ತಾ?

ಸಿಂದಗಿ: ಹೇರಿ ಅಂತ ಯಾರು ಹೇಳಿದರು? ಅವರು ಕೇಳಿದ್ದು ಅನುಭವ ಅಲ್ವಾ?

ಶಹಾಪುರ, ಬೆಳಗಾವಿ: ನಿಮ್ಮ ಜಗಳ ಇರಲಿ. ಮೊದಲು ಆ ಫ್ಯಾನಿನ ಲೈನ್ ಬಂದ್ ಮಾಡಿಸಿ. ನಾವು ಉಬ್ಬಿದ ಪಿಒಪಿ ಹಾಗೇ ಬಿಟ್ಟಿದ್ದೆವು. ರಾತ್ರಿ ಎರಡು ಗಂಟೆಗೆ ಅಮ್ಮನ ಮಂಚದ ಪಕ್ಕಕ್ಕೇ ಬಿತ್ತು. ಟಾರ್ಚ್ ಹಾಕಿ ನೋಡಿದರೆ ಸರಳು ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟ್ ಸಿಡಿದಿತ್ತು. ತುಕ್ಕು ತಿಕ್ಕಿಸಿ ಗಿಲಾವ್ (ಪ್ಲಾಸ್ಟರ್) ಮಾಡಿಸೋಕೆ 27,000 ಆಯಿತು. ಹಿಂದಿನ ವರ್ಷ ಅದೇ ಕಲೆಗೆ ಪುಟ್ಟಿ ಬಳಿದು ಹೋದ ಪೇಂಟರ್‌ನ ನಾನು ಕ್ಷಮಿಸಲ್ಲ.

ವಡಗಾವಿ: ಅಕ್ಕಾ, ಪೇಂಟರ್ ಏನು ಮಾಡ್ತಾನೆ? ಮೇಲೆ ಹತ್ತಿ ನೋಡಬೇಕಾದವರು ಮನೆಯವರು.

ಶಹಾಪುರ: ಅಮ್ಮನಿಗೆ ಎಪ್ಪತ್ತೆಂಟು ವರ್ಷ. ಯಾರು ಹತ್ತಬೇಕಿತ್ತು, ಹೇಳಿ?